‘ಫೈನಲ್ ಫೈನಲ್ 2’ ಕಳಿಸುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಮಾಡಿದ ಕೆಲಸವನ್ನು ಕ್ಲೈಂಟ್‌ಗೆ ತೋರಿಸಿ ಒಪ್ಪಿಗೆ ತಗೊಳ್ಳಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ವಿಡಿಯೋದವರು, ಮದುವೆ ಫೋಟೋದವರು, ಪ್ರಿಂಟ್ ಡಿಸೈನ್ ಮಾಡುವವರು, ಎಲ್ಲರದೂ ಇದೇ ಗೋಳು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಜಾಹೀರಾತು ಫಿಲ್ಮ್‌ಗಳ ಎಡಿಟ್ ರೂಮಿನಲ್ಲಿ ಕ್ಲೈಂಟ್‌ಗೂ ಎಡಿಟರ್‌ಗೂ ನಡುವೆ ಕೂತು ಸಂಬಳ ತಗೊಂಡವಳು ನಾನು. ಉತ್ತರಗಳಲ್ಲಿ ಎಡಿಟರ್ ಪರ ಸ್ವಲ್ಪ ಪಕ್ಷಪಾತ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ನಾಲ್ಕು ಜನರ ವಿಡಿಯೋ ಸ್ಟುಡಿಯೋ. ಬಂಗಾರದ ಅಂಗಡಿ, ಸೀರೆ ಅಂಗಡಿ, ಕೋಚಿಂಗ್ ಸೆಂಟರ್‌ಗಳಿಗೆ ಜಾಹೀರಾತು ಮಾಡುತ್ತೇವೆ. ಎಲ್ಲವೂ ವಾಟ್ಸಾಪ್‌ನಲ್ಲೇ ನಡೆಯುತ್ತದೆ. ಕರೆಕ್ಷನ್ ಎಲ್ಲ ವಾಯ್ಸ್ ನೋಟ್‌ನಲ್ಲಿ ಬರುತ್ತದೆ. ‘ಆ ಹಸಿರು ಸೀರಿ ಆದಮ್ಯಾಲೆ ಬರ್ತೈತಲ್ರೀ, ಅದನ್ನ ತೆಗೀರಿ’ ಅನ್ನುತ್ತಾರೆ. ಇರುವ ಹಸಿರು ಸೀರೆಗಳೇ ಆರು! ಒಬ್ಬರು ವಿಡಿಯೋ ತೋರಿಸಿ ಕಾಮೆಂಟ್ ಪಡೆಯುವ ಫ್ರೇಮ್.ಐಒ ಅನ್ನುವ ಆನ್‌ಲೈನ್ ಸೇವೆ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಹಾಕಿದರೆ ಸಾಕು ಅನ್ನುತ್ತಾರೆ. ನಾವು ಏನು ಮಾಡೋಣ? ಫೈಲ್ ಹೆಸರುಗಳೂ ‘ಫೈನಲ್’, ‘ಫೈನಲ್ ಫೈನಲ್ 2’ ಅಂತ ಆಗಿಬಿಡುತ್ತವೆ, ಹೆಸರು ಹೇಗಿಡಬೇಕು? — ವಿಡಿಯೋ ಸ್ಟುಡಿಯೋದವರು, ಹುಬ್ಬಳ್ಳಿ

ಉತ್ತರ: ಸಾಫ್ಟ್‌ವೇರ್ ಹೆಸರು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಿಮ್ಮ ಖಾಯಂ ಕ್ಲೈಂಟ್‌ಗಳ ಪಟ್ಟಿ ಮಾಡಿ. ಅವರು ವಿಡಿಯೋ ನೋಡುವುದು ಯಾವುದರಲ್ಲಿ, ಕೊನೆಗೆ ‘ಓಕೆ’ ಅನ್ನುವವರು ಯಾರು, ಅವರಿಗೆ ಇಮೇಲ್ ತೆಗೆದು ನೋಡುವ ಅಭ್ಯಾಸ ಇದೆಯಾ ಅಂತ ಪ್ರತಿ ಹೆಸರಿನ ಮುಂದೆ ಬರೆಯಿರಿ. ಬಂಗಾರದ ಅಂಗಡಿಯ ಮಗ ಲ್ಯಾಪ್‌ಟಾಪ್‌ನಲ್ಲಿ ನೋಡಿ ‘ಸೂಪರ್’ ಅನ್ನಬಹುದು. ಆದರೆ ಚೆಕ್‌ಗೆ ಸಹಿ ಹಾಕುವ ಅಪ್ಪ ಗಲ್ಲಾದ ಮೇಲೆ ಕೂತು, ಗಿರಾಕಿಗಳ ನಡುವೆ, ಫೋನಿನಲ್ಲಿ, ಸೌಂಡ್ ಇಲ್ಲದೆ ನೋಡುತ್ತಾರೆ. ನೀವು ಸಾಫ್ಟ್‌ವೇರ್ ಆರಿಸಬೇಕಾದ್ದು ಆ ಅಪ್ಪನಿಗೆ. ಒಂದು ಕಾಮೆಂಟ್ ಹಾಕಲು ಅವರು ಮಗನನ್ನು ಕೂಗಬೇಕಾಯಿತು ಅಂದರೆ ಮರುದಿನ ಮತ್ತೆ ವಾಯ್ಸ್ ನೋಟ್ ಗ್ಯಾರಂಟಿ.

ಈಗ ಫ್ರೇಮ್.ಐಒ ವಿಷಯ. ವಿಡಿಯೋ ನಿಲ್ಲಿಸಿ ಏನಾದರೂ ಟೈಪ್ ಮಾಡಿದರೆ ಆ ಮಾತು ಆ ಫ್ರೇಮ್‌ಗೇ ಅಂಟಿಕೊಳ್ಳುತ್ತದೆ. ಚಿತ್ರದ ಮೇಲೆ ಗೀಚಿಯೂ ತೋರಿಸಬಹುದು. ಆರು ಹಸಿರು ಸೀರೆಗಳ ಗೊಂದಲ ಅಲ್ಲಿಗೇ ಮುಗಿಯಿತು. ಆ ಕಾಮೆಂಟ್‌ಗಳು ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋ ಒಳಗೂ ಕಾಣುತ್ತವೆ; ಎಡಿಟರ್ ಒಂದನ್ನು ಒತ್ತಿದರೆ ಟೈಮ್‌ಲೈನ್ ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಹೊಸ ವರ್ಷನ್ ಹಾಕಿದರೆ ಹಳೆಯದರ ಮೇಲೇ ಕೂರುತ್ತದೆ, ಬೇಕಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನೋಡುವವರು ಖಾತೆ ತೆರೆಯಬೇಕಿಲ್ಲ. ಲಿಂಕ್ ಒತ್ತಿ, ಹೆಸರು, ಇಮೇಲ್ ಕೊಟ್ಟು ಕಾಮೆಂಟ್ ಹಾಕಬಹುದು.

ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಅಡೋಬಿ 2021ರಲ್ಲಿ ಫ್ರೇಮ್.ಐಒವನ್ನು 127.5 ಕೋಟಿ ಡಾಲರ್‌ಗೆ ಕೊಂಡಿತು. 2022ರ ಏಪ್ರಿಲ್‌ನಿಂದ ಪ್ರೀಮಿಯರ್ ಪ್ರೋ, ಆಫ್ಟರ್ ಎಫೆಕ್ಟ್ಸ್ ಚಂದಾದಾರರಿಗೆ 100 ಜಿಬಿ ಜಾಗದ ಜೊತೆ ಇದನ್ನೂ ಸೇರಿಸಿ ಕೊಡತೊಡಗಿತು. ನೀವು ಪ್ರೀಮಿಯರ್‌ಗೆ ಈಗಾಗಲೇ ದುಡ್ಡು ಕಟ್ಟುತ್ತಿದ್ದರೆ ಮೊದಲು ನಿಮ್ಮ ಅಡೋಬಿ ಖಾತೆಯೊಳಗೆ ಹೋಗಿ ಏನೇನಿದೆ ನೋಡಿ. ಜೇಬಿನಲ್ಲಿ ಇರುವುದನ್ನೇ ಮತ್ತೆ ಅಂಗಡಿಯಲ್ಲಿ ಕೊಳ್ಳುವ ಸ್ಟುಡಿಯೋಗಳನ್ನು ನೋಡಿದ್ದೇನೆ. ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುವವರಾದರೆ ಇದೇ ಕೆಲಸ ಮಾಡುವ ಡ್ರಾಪ್‌ಬಾಕ್ಸ್ ರೀಪ್ಲೇಯನ್ನೂ ಒಮ್ಮೆ ನೋಡಿ.

ಯೂಟ್ಯೂಬ್ ಅನ್‌ಲಿಸ್ಟೆಡ್ ಪುಕ್ಕಟೆ, ಎಲ್ಲ ಫೋನಿನಲ್ಲೂ ಓಡುತ್ತದೆ, ನಿಜ. ಆದರೆ ಒಮ್ಮೆ ಹಾಕಿದ ವಿಡಿಯೋ ಬದಲು ಅದೇ ಲಿಂಕ್‌ನಲ್ಲಿ ಹೊಸದನ್ನು ಕೂರಿಸಲು ಬರುವುದಿಲ್ಲ. ಪ್ರತಿ ಕರೆಕ್ಷನ್‌ಗೂ ಹೊಸ ಲಿಂಕ್. ಗ್ರೂಪಿನಲ್ಲಿ ಹಳೆಯ ಲಿಂಕ್ ಎಲ್ಲೋ ಮೇಲೆ ಉಳಿದಿರುತ್ತದೆ. ಮಾಲೀಕರ ಭಾವಮೈದ ಅದನ್ನೇ ಒತ್ತಿ, ‘ಫೋನ್ ನಂಬರ್ ಇನ್ನೂ ತಪ್ಪೇ ಐತಲ್ರೀ’ ಅಂತಾನೆ. ಅದೂ ಅಲ್ಲದೆ, ಸದ್ಯಕ್ಕೆ ಇರಲಿ ಅಂತ ಸಿನಿಮಾ ಹಾಡು ಹಾಕಿದ್ದರೆ ಅನ್‌ಲಿಸ್ಟೆಡ್ ವಿಡಿಯೋಗೂ ಕಾಪಿರೈಟ್ ಕ್ಲೇಮ್ ಬೀಳುತ್ತದೆ. ವಿಮಿಯೋ ಅನ್ನುವ ವಿಡಿಯೋ ತಾಣದಲ್ಲಿ ಈ ಲಿಂಕ್ ತಾಪತ್ರಯ ಇಲ್ಲ. ಫೈಲ್ ಬದಲಿಸಿದರೂ ಲಿಂಕ್ ಅದೇ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಗಲ್ಲಾ ಅಪ್ಪನ ವಿಷಯದಲ್ಲಿ ನಾನು ಹೇಳುವುದು ಇದಕ್ಕಿಂತ ಹಳೆಯ ಉಪಾಯ: ಟೈಮ್‌ಕೋಡ್ ಬರ್ನ್ ಮಾಡಿ ಕಳಿಸಿ. ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರದ ಮೇಲೇ ದೊಡ್ಡ ಅಕ್ಷರದಲ್ಲಿ ಸೆಕೆಂಡು ಓಡುವಂತೆ ಹಾಕಿ. ಪ್ರೀಮಿಯರ್‌ನಲ್ಲೂ ರಿಸಾಲ್ವ್‌ನಲ್ಲೂ ಇದಕ್ಕೆ ಎರಡು ನಿಮಿಷ ಸಾಕು. ಮೂಲೆಯಲ್ಲಿ ಚಿಕ್ಕದಾಗಿ ಹಾಕಬೇಡಿ, ಚಾಳೀಸು ಹಾಕದೆ ಓದುವಷ್ಟು ದೊಡ್ಡದಿರಲಿ. ಆಮೇಲೆ ವಾಯ್ಸ್ ನೋಟ್ ಬಂದರೂ ಬರಲಿ, ‘ಹನ್ನೆರಡನೇ ಸೆಕೆಂಡಿನ್ಯಾಗ ಇರೋದು ತೆಗೀರಿ’ ಅಂತ ಬರುತ್ತದೆ. ವಾಟ್ಸಾಪ್‌ನಲ್ಲಿ ಗ್ಯಾಲರಿಯಿಂದ ಎತ್ತಿ ಕಳಿಸಬೇಡಿ, ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. 2022ರಿಂದ 2 ಜಿಬಿವರೆಗೆ ಕಳಿಸಬಹುದು. 30 ಸೆಕೆಂಡಿನ ಜಾಹೀರಾತನ್ನು 8 ಎಂಬಿಪಿಎಸ್‌ನಲ್ಲಿ ತೆಗೆದರೆ ಸುಮಾರು 30 ಎಂಬಿ ಅಷ್ಟೇ.

ವಾಯ್ಸ್ ನೋಟ್ ಕೇಳಿದ ತಕ್ಷಣ ಟೈಮ್‌ಲೈನ್ ಮುಟ್ಟಬೇಡಿ. ಕೇಳಿದ್ದನ್ನು ಸೆಕೆಂಡಿನ ಸಮೇತ ಬರೆದು ಅದೇ ಗ್ರೂಪಿಗೆ ಹಾಕಿ: ‘12ನೇ ಸೆಕೆಂಡ್: ಹಸಿರು ಸೀರೆ ಶಾಟ್ ತೆಗೆಯುವುದು. 21: ಬೆಲೆ ದೊಡ್ಡದು ಮಾಡುವುದು. ಇಷ್ಟೇ ತಾನೇ ಸಾರ್?’ ಹೌದು ಅಂತ ಬಂದ ಮೇಲೆ ಕೆಲಸ ಶುರು. ಮೂರನೇ ಸಲ ‘ನಾ ಇದನ್ನ ಹೇಳೇ ಇಲ್ಲ’ ಅಂದಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ವಾ?

ಹೊಸ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದಾದರೆ ನಡೆಯುತ್ತಿರುವ ಕೆಲಸದ ಮೇಲೆ ಮಾಡಬೇಡಿ. ಮುಗಿದುಹೋದ ಹಳೆಯ ಜಾಹೀರಾತೊಂದನ್ನು ಹಾಕಿ, ಸಲುಗೆ ಇರುವ ಒಬ್ಬ ಕ್ಲೈಂಟ್‌ಗೆ ಲಿಂಕ್ ಕಳಿಸಿ, ‘ಇದರಲ್ಲಿ ಒಂದು ಕಾಮೆಂಟ್ ಹಾಕಿ ನೋಡಿ’ ಅನ್ನಿ. ಫೋನ್ ಮಾಡಿ ವಿವರಿಸಬೇಡಿ. ಹತ್ತು ನಿಮಿಷದಲ್ಲಿ ಕಾಮೆಂಟ್ ಬಂದರೆ ತಗೊಳ್ಳಿ. ‘ಪಾಸ್‌ವರ್ಡ್ ಕೇಳ್ತಾ ಇದೆ’ ಅಂತ ಫೋನ್ ಬಂದರೆ ಬೇರೆ ನೋಡಿ.

ಫೈಲ್ ಹೆಸರಿನ ಬಗ್ಗೆಯೂ ಕೇಳಿದ್ದೀರಿ. ‘ಫೈನಲ್’ ಅನ್ನುವ ಪದವನ್ನು ನಮ್ಮ ಎಡಿಟ್ ರೂಮಿನಲ್ಲಿ ನಾನು ಬ್ಯಾನ್ ಮಾಡಿದ್ದೆ. ಕ್ಲೈಂಟ್ ಹೆಸರು, ಕೆಲಸದ ಹೆಸರು, ವಿ01, ವಿ02. ಅಷ್ಟೇ.

ಪ್ರಶ್ನೆ: ಮದುವೆ ಫೋಟೋ ತೆಗೆಯುತ್ತೇವೆ. ಒಂದು ಮದುವೆಗೆ ಮೂರು ಸಾವಿರ ಫೋಟೋ ಆಗುತ್ತದೆ. ಆಲ್ಬಮ್ ಸೆಲೆಕ್ಷನ್‌ಗೆ ಗೂಗಲ್ ಡ್ರೈವ್ ಲಿಂಕ್ ಕೊಡುತ್ತಿದ್ದೆವು. ಡ್ರೈವ್ ತುಂಬಿಹೋಗಿ ಈಗ ಮೇಲ್ ಕೂಡ ಬರುತ್ತಿಲ್ಲ. ಒಬ್ಬರಂತೂ ಫೋಟೋಗಳನ್ನೇ ಡಿಲೀಟ್ ಮಾಡಿಬಿಟ್ಟರು. ಗ್ಯಾಲರಿ ಸಾಫ್ಟ್‌ವೇರ್ ತಗೋಬೇಕಾ? ಸೆಲ್ಫಿ ತೆಗೆದರೆ ಅವರವರ ಫೋಟೋ ಹುಡುಕಿ ಕೊಡುವ ಆ್ಯಪ್‌ಗಳು ಹೇಗೆ? — ಫೋಟೋ ಸ್ಟುಡಿಯೋ, ದಾವಣಗೆರೆ

ಉತ್ತರ: ಮೊದಲು ಡಿಲೀಟ್ ವಿಷಯ. ಲಿಂಕ್ ಕೊಡುವಾಗ ‘ಎಡಿಟರ್’ ಅಂತ ಆರಿಸಿದ್ದೀರಿ ಅನ್ನಿಸುತ್ತದೆ. ‘ವ್ಯೂವರ್’ ಇಡಿ. ಡ್ರೈವ್‌ನ ಟ್ರ್ಯಾಶ್‌ಗೆ ಹೋಗಿದ್ದರೆ ಫೋಟೋ 30 ದಿನ ಇರುತ್ತದೆ, ಇವತ್ತೇ ಹೋಗಿ ನೋಡಿ. ಅಲ್ಲಿ ಇಲ್ಲದಿದ್ದರೆ ಡ್ರೈವ್‌ನಲ್ಲೇ ಫೈಲ್ ಹೆಸರು ಹಾಕಿ ಹುಡುಕಿ.

ಮೇಲ್ ನಿಂತಿದ್ದಕ್ಕೆ ಕಾರಣ, ಗೂಗಲ್ ಕೊಡುವ 15 ಜಿಬಿ ಪುಕ್ಕಟೆ ಜಾಗ ಡ್ರೈವ್, ಜಿಮೇಲ್, ಫೋಟೋಸ್ ಮೂರಕ್ಕೂ ಸೇರಿ. ಹಿಂದೆ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಹಾಕಬಹುದಿತ್ತು, 2021ರ ಜೂನ್ 1ಕ್ಕೆ ಆ ಕಾಲ ಮುಗಿಯಿತು. ಸ್ಟುಡಿಯೋ ಫೋಟೋಗಳಿಗೆ ಬೇರೆ ಖಾತೆ ಮಾಡಿ. ಬಿಲ್ ಬರುವ, ವಿಚಾರಣೆ ಬರುವ ಮೇಲ್ ಐಡಿಯಲ್ಲಿ ಫೋಟೋ ತುಂಬಬೇಡಿ.

ನಿಮ್ಮ ಕಷ್ಟದ ಮೂಲ ಬೇರೆ ಇದೆ. ಆರಿಸಲು ಕೊಡುವುದು, ಕೊನೆಗೆ ಕೊಡುವುದು, ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಮಾಡುತ್ತಿದ್ದೀರಿ. 24 ಮೆಗಾಪಿಕ್ಸೆಲ್ ಜೆಪೆಗ್ ಒಂದು ಸುಮಾರು 10 ಎಂಬಿ ಅಂತ ಇಟ್ಟುಕೊಂಡರೆ ಮೂರು ಸಾವಿರಕ್ಕೆ 30 ಜಿಬಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಮೂರೂಕಾಲು ಗಂಟೆಗಿಂತ ಜಾಸ್ತಿ ಬೇಕು. ವೇಗ 5 ಇದ್ದರೆ ಹದಿಮೂರು ಗಂಟೆ, ನಡುವೆ ಕರೆಂಟ್ ಹೋಗದಿದ್ದರೆ. ನೆಟ್ ಹಾಕಿಸುವಾಗ ಅವರು ಹೇಳುವ ವೇಗ ಡೌನ್‌ಲೋಡಿನದು, ನಿಮಗೆ ಬೇಕಾದ್ದು ಅಪ್‌ಲೋಡು. ಅದನ್ನು ಬಾಯಿಬಿಟ್ಟು ಕೇಳಿ.

ಸೆಲೆಕ್ಷನ್‌ಗೆ ಉದ್ದನೆಯ ಬದಿ 2000 ಪಿಕ್ಸೆಲ್ ಇರುವಂತೆ ಚಿಕ್ಕದು ಮಾಡಿ, ಸ್ಟುಡಿಯೋ ಹೆಸರಿನ ವಾಟರ್‌ಮಾರ್ಕ್ ಹಾಕಿ ಎಕ್ಸ್‌ಪೋರ್ಟ್ ಮಾಡಿ. ಇಡೀ ಮದುವೆ 2 ಜಿಬಿ ಆಸುಪಾಸಿಗೆ ಇಳಿಯುತ್ತದೆ. ಫೈಲ್ ನಂಬರ್ ಮಾತ್ರ ಮೂಲದ್ದೇ ಇರಲಿ. ಪಿಕ್ಸಿಸೆಟ್, ಪಿಕ್-ಟೈಮ್ ತರಹದ ಗ್ಯಾಲರಿಗಳಲ್ಲಿ ಮನೆಯವರು ಹಾರ್ಟ್ ಗುರುತು ಒತ್ತುತ್ತಾ ಹೋದರೆ ಆರಿಸಿದ ಪಟ್ಟಿ ತಯಾರಾಗುತ್ತದೆ. ಆ ಫೈಲ್ ಹೆಸರುಗಳನ್ನು ಕಾಪಿ ಮಾಡಿ ಫೋಟೋ ಸಾಫ್ಟ್‌ವೇರ್ ಲೈಟ್‌ರೂಮ್‌ನ ಫಿಲ್ಟರ್‌ನಲ್ಲಿ ಹಾಕಿದರೆ ಅಷ್ಟೂ ಫೋಟೋ ಎದುರಿಗೆ ಬರುತ್ತದೆ. ಕಾಗದದಲ್ಲಿ ನಂಬರ್ ಬರೆದುಕೊಂಡು ಬಂದು, 6ನ್ನು 0 ಅಂತ ಓದಿ, ಮಾವನವರ ಬದಲು ಬಾಣಸಿಗರ ಫೋಟೋ ಆಲ್ಬಮ್‌ಗೆ ಹೋಗುವ ಕತೆ ನಿಲ್ಲುತ್ತದೆ. ತಿಂಗಳಿಗೆ ನಾಲ್ಕೈದು ಮದುವೆ ಇದ್ದರೆ ದುಡ್ಡು ಕೊಟ್ಟು ತಗೊಳ್ಳಬಹುದು. ವರ್ಷಕ್ಕೆ ಆರೇಳು ಮದುವೆ ಮಾಡುವವರಿಗೆ ಚಿಕ್ಕ ಫೋಟೋಗಳ ಡ್ರೈವ್ ಫೋಲ್ಡರೇ ಧಾರಾಳ.

ಇನ್ನು ಕೆಲವು ಮನೆಗಳಲ್ಲಿ ಯಾವ ಸಾಫ್ಟ್‌ವೇರೂ ನಡೆಯುವುದಿಲ್ಲ. ಅಜ್ಜಿ, ಸೋದರತ್ತೆ, ಇಬ್ಬರು ಚಿಕ್ಕಮ್ಮಂದಿರು ಒಟ್ಟಿಗೆ ಕೂತು ನೋಡಿದರೇ ಅವರಿಗೆ ಸಮಾಧಾನ. ಅಂಥವರನ್ನು ಸ್ಟುಡಿಯೋಗೇ ಕರೆಯಿರಿ. ದೊಡ್ಡ ಟಿವಿಗೆ ಹಾಕಿ, ಕಾಫಿ ತರಿಸಿ, ಅಲ್ಲೇ ಸ್ಟಾರ್ ಹಾಕುತ್ತಾ ಹೋಗಿ. ಲಿಂಕ್ ಕೊಟ್ಟು ಎರಡು ತಿಂಗಳು ಕಾಯುವುದಕ್ಕಿಂತ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಸೆಲ್ಫಿ ತೆಗೆದರೆ ಅತಿಥಿಗಳಿಗೆ ಅವರವರ ಫೋಟೋ ಹುಡುಕಿ ಕೊಡುವ ಆ್ಯಪ್‌ಗಳ ಬಗ್ಗೆಯೂ ಬರೆದಿದ್ದೀರಿ. ಅನುಕೂಲ ಇದೆ, ಜನಕ್ಕೆ ಇಷ್ಟವೂ ಆಗುತ್ತದೆ. ಆದರೆ ಅದು ಮದುವೆಗೆ ಬಂದ ಎಲ್ಲರ ಮುಖದ ಗುರುತನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ, ಮಕ್ಕಳದೂ ಸೇರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯ ವಿಷಯದಲ್ಲಿ ಬಿಗಿ ಇದೆ. ಮದುವೆ ಮನೆಯವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ, ಗ್ಯಾಲರಿ ಯಾವತ್ತು ಅಳಿಸುತ್ತೀರಿ ಅಂತಲೂ ಅದರಲ್ಲೇ ಬರೆಯಿರಿ. ಕೊನೆಯ ಪೂರ್ತಿ ಸೈಜಿನ ಫೋಟೋಗಳನ್ನು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿ ಕೈಗೇ ಕೊಡಿ.

ಪ್ರಶ್ನೆ: ಯಕ್ಷಗಾನ ಮೇಳಗಳ ಕರಪತ್ರ, ಆಮಂತ್ರಣ ಪತ್ರಿಕೆ ಡಿಸೈನ್ ಮಾಡುತ್ತೇನೆ. ಫೋನಿನಲ್ಲಿ ನೋಡಿ ಓಕೆ ಅಂದವರು ಪ್ರಿಂಟ್ ಬಂದ ಮೇಲೆ ‘ಬಣ್ಣ ಡಲ್ ಆಯಿತು ಮಾರಾಯ್ರೆ’ ಅನ್ನುತ್ತಾರೆ. ಒಮ್ಮೆ ಪ್ರೆಸ್‌ನಲ್ಲಿ ಕನ್ನಡ ಅಕ್ಷರವೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಆಗಿ ಬಂತು. ಇದಕ್ಕೆ ಯಾವ ಸಾಫ್ಟ್‌ವೇರ್? ಫಿಗ್ಮಾ ಆಗುತ್ತದಾ? — ಡಿಸೈನರ್, ಮಂಗಳೂರು

ಉತ್ತರ: ಯಾವುದೂ ಬೇಡ. ಪಿಡಿಎಫ್ ಸಾಕು.

ಅಕ್ಷರ ಕೆಟ್ಟಿದ್ದಕ್ಕೆ ಕಾರಣ ನುಡಿಯಂಥ ಹಳೆಯ ಫಾಂಟ್ ಇರಬೇಕು. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಕೋಡ್) ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಕೋಡ್‌ಗಳೇ ಇರುತ್ತವೆ, ಮೇಲೆ ಕನ್ನಡದ ಆಕಾರ ಕಾಣಿಸುತ್ತದೆ. ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಪ್ರೆಸ್‌ನವರು ‘ಕರ್ವ್ ಮಾಡಿ ಕಳಿಸಿ’, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ ಕಳಿಸಿ ಅನ್ನುವುದು ಇದಕ್ಕೇ. ಕೋರಲ್‌ಡ್ರಾದಲ್ಲಿ ಎಲ್ಲ ಆಯ್ಕೆ ಮಾಡಿ ಕಂಟ್ರೋಲ್ ಕ್ಯೂ. ಆದರೆ ಕರ್ವ್ ಮಾಡಿದ ಮೇಲೆ ಭಾಗವತರ ಹೆಸರಿನ ಒಂದು ದೀರ್ಘ ತಿದ್ದಲೂ ಬರುವುದಿಲ್ಲ. ಹಾಗಾಗಿ ತಿದ್ದಬಹುದಾದ ಫೈಲ್ ಬೇರೆ ಉಳಿಸಿಕೊಳ್ಳಿ, ಹೆಸರುಗಳೆಲ್ಲ ಓಕೆ ಆದ ಮೇಲೆಯೇ ಕರ್ವ್ ಮಾಡಿ.

ಬಣ್ಣದ ವಿಷಯ: ಫೋನಿನ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ ನಾಲ್ಕು ಶಾಯಿಯಿಂದ. ಫೋನಿನಲ್ಲಿ ಹೊಳೆಯುವ ಕೆಲವು ಹಸಿರು, ಕೇಸರಿ ಆ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಫೈಲನ್ನು ಮೊದಲೇ ಸಿಎಂವೈಕೆಗೆ (ಆ ನಾಲ್ಕು ಶಾಯಿಯ ಲೆಕ್ಕಕ್ಕೆ) ಬದಲಿಸಿ, ಅದರಿಂದ ತೆಗೆದ ಪಿಡಿಎಫನ್ನೇ ತೋರಿಸಿ. ಕಳಿಸುವಾಗ ‘ಫೋನಿನಲ್ಲಿ ಅಕ್ಷರ, ಹೆಸರು, ತಾರೀಕು ಮಾತ್ರ ನೋಡಿ, ಬಣ್ಣಕ್ಕೆ ಪ್ರಿಂಟ್ ಪ್ರೂಫ್ ತೋರಿಸುತ್ತೇನೆ’ ಅಂತ ಬರೆಯಿರಿ. ದೊಡ್ಡ ಆರ್ಡರ್ ಆದರೆ ಪ್ರೂಫಿನ ಖರ್ಚನ್ನು ಕೊಟೇಶನ್‌ನಲ್ಲೇ ಸೇರಿಸಿ.

ಫಿಗ್ಮಾ ಬಗ್ಗೆ ಕೇಳಿದ್ದೀರಿ. ವೆಬ್‌ಸೈಟ್, ಆ್ಯಪ್ ಡಿಸೈನ್‌ಗೆ ಅದು ತುಂಬ ಚೆನ್ನ. ನೋಡುವವರಿಗೆ, ಕಾಮೆಂಟ್ ಹಾಕುವವರಿಗೆ ದುಡ್ಡಿಲ್ಲ. ಆದರೆ ಕಾಮೆಂಟ್ ಹಾಕಲು ಖಾತೆ ಬೇಕು. ಮೇಳದ ಯಜಮಾನರಿಗೆ ಖಾತೆ ತೆರೆಸುವ ಸಾಹಸ ನಿಮಗೆ ಬಿಟ್ಟಿದ್ದು.

ಪ್ರಶ್ನೆ: ಫ್ರೀಲ್ಯಾನ್ಸ್ ಮೋಷನ್ ಗ್ರಾಫಿಕ್ಸ್ ಮಾಡುತ್ತೇನೆ. ವಿದೇಶಿ ಕ್ಲೈಂಟ್‌ಗಳಿಗೆ ದೊಡ್ಡ ಫೈಲ್‌ಗಳನ್ನು ವಿಟ್ರಾನ್ಸ್‌ಫರ್ ಅನ್ನುವ ವೆಬ್‌ಸೈಟ್‌ನಲ್ಲಿ ಕಳಿಸುತ್ತಿದ್ದೆ. ಈಗ ಅದು ಸೇಫ್ ಅಲ್ಲ ಅನ್ನುತ್ತಾರೆ. ಬಿಡಬೇಕಾ? — ಫ್ರೀಲ್ಯಾನ್ಸರ್, ಬೆಂಗಳೂರು

ಉತ್ತರ: 2025ರ ಜುಲೈನಲ್ಲಿ ಅದರ ಷರತ್ತುಗಳಲ್ಲಿ ಮೆಷಿನ್ ಲರ್ನಿಂಗ್ ಅನ್ನುವ ಮಾತು ಬಂದು ಕಲಾವಿದರೆಲ್ಲ ಗಲಾಟೆ ಮಾಡಿದರು. ಕಂಪನಿ ಆ ಸಾಲು ತೆಗೆಯಿತು, ಫೈಲ್‌ಗಳನ್ನು ಎಐ ತರಬೇತಿಗೆ ಬಳಸುವುದಿಲ್ಲ ಅಂತಲೂ ಹೇಳಿತು. ಸುಮ್ನೆ ಗಾಬರಿ ಬೇಡ. ನನಗೆ ಅದಕ್ಕಿಂತ ನೆನಪಿರುವುದು 2020ರ ಮೇ. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಿಂದ ಎಡಿಟ್ ಮಾಡುತ್ತಿದ್ದಾಗ ದೂರಸಂಪರ್ಕ ಇಲಾಖೆ ವಿಟ್ರಾನ್ಸ್‌ಫರ್ ಬ್ಲಾಕ್ ಮಾಡಲು ಆದೇಶ ಹೊರಡಿಸಿತು. 2014ರ ಡಿಸೆಂಬರ್‌ನಲ್ಲಿ 32 ವೆಬ್‌ಸೈಟ್ ಬ್ಲಾಕ್ ಆದಾಗ ವಿಮಿಯೋ ಕೂಡ ಅದರಲ್ಲಿತ್ತು. ಕಂಪನಿಗಳೂ ಕೈ ಬದಲಾಗುತ್ತಿರುತ್ತವೆ. ಇಟಲಿಯ ಬೆಂಡಿಂಗ್ ಸ್ಪೂನ್ಸ್ 2024ರಲ್ಲಿ ವಿಟ್ರಾನ್ಸ್‌ಫರ್ ಕೊಂಡಿತು, 2025ರಲ್ಲಿ ವಿಮಿಯೋಗೂ ಕೈ ಹಾಕಿತು. ಇವತ್ತಿನ ದರ, ಇವತ್ತಿನ ಮಿತಿ ಮುಂದಿನ ವರ್ಷ ಇರುತ್ತದೆ ಅಂತ ನಂಬಿ ಕ್ಲೈಂಟ್‌ಗೆ ಮಾತು ಕೊಡಬೇಡಿ.

ಫೈಲ್ ದಾಟಿಸಲು ವಿಟ್ರಾನ್ಸ್‌ಫರ್ ಬಳಸಿ, ಪರವಾಗಿಲ್ಲ. ಅದನ್ನೇ ಬೀರು ಮಾಡಿಕೊಳ್ಳಬೇಡಿ. ಪುಕ್ಕಟೆ ಲಿಂಕ್‌ಗಳು ಕೆಲವೇ ದಿನದಲ್ಲಿ ಸಾಯುತ್ತವೆ. ರಿಲೀಸ್ ಆಗದ ಸಿನಿಮಾ, ಸೀರೀಸ್ ಕೆಲಸವಾದರೆ ಕ್ಲೈಂಟ್ ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ಕಳಿಸಿ, ಬೇರೆ ದಾರಿ ಹಿಡಿಯಬೇಡಿ. ಹಾಲಿವುಡ್ ಸ್ಟುಡಿಯೋಗಳ ಕೆಲಸ ಮಾಡುವ ಕಂಪನಿಗಳಿಗೆ 2018ರಿಂದ ಟಿಪಿಎನ್ ಅನ್ನುವ ಭದ್ರತಾ ತಪಾಸಣೆ ಇದೆ. ಅಂಥ ಕಡೆಯಿಂದ ಬಂದ ಫೈಲನ್ನು ನಿಮ್ಮ ಸ್ವಂತ ಡ್ರೈವ್‌ನಲ್ಲಿ ಹಾಕಿದ್ದು ಗೊತ್ತಾದರೆ ಮುಂದಿನ ಕೆಲಸ ಬರುವುದಿಲ್ಲ.

ಪ್ರಶ್ನೆ: ಕ್ಲೈಂಟ್ ಗ್ಯಾಲರಿಯ ತಿಂಗಳ ಚಂದಾ ಕಾರ್ಡ್‌ನಿಂದ ಕಟ್ ಆಗದೆ ಗ್ಯಾಲರಿಯೇ ಮುಚ್ಚಿಹೋಯಿತು. ಬ್ಯಾಂಕ್‌ನಲ್ಲಿ ದುಡ್ಡಿತ್ತು! ಯಾಕೆ ಹೀಗೆ? — ಸ್ಟುಡಿಯೋ ಮಾಲೀಕರು, ಶಿವಮೊಗ್ಗ

ಉತ್ತರ: ಕಾರಣ ಆರ್‌ಬಿಐ ನಿಯಮ ಇರಬೇಕು. 2021ರ ಅಕ್ಟೋಬರ್ 1ರಿಂದ ಕಾರ್ಡ್‌ನಲ್ಲಿ ತಾನಾಗಿ ಕಟ್ ಆಗುವ ಪಾವತಿಗೆ ಮೊದಲೇ ಒಟಿಪಿ ಕೊಟ್ಟು ಅನುಮತಿ ನೋಂದಾಯಿಸಬೇಕು, ಪ್ರತಿ ಸಲ ಕಟ್ ಆಗುವ 24 ಗಂಟೆ ಮುಂಚೆ ಬ್ಯಾಂಕ್ ತಿಳಿಸಬೇಕು. ಒಂದು ಮಿತಿ ದಾಟಿದರೆ ಪ್ರತಿ ಸಲವೂ ಒಟಿಪಿ. ಆ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಈ ವ್ಯವಸ್ಥೆಗೆ ಸೇರದ ವಿದೇಶಿ ಕಂಪನಿಗಳ ಪಾವತಿ ಸುಮ್ಮನೆ ಫೇಲ್ ಆಗುತ್ತದೆ. ನಿಮ್ಮ ತಪ್ಪೇನಿಲ್ಲ.

ಸಾಫ್ಟ್‌ವೇರ್ ಆರಿಸುವಾಗ ರೂಪಾಯಿಯಲ್ಲಿ ಬಿಲ್ ಕೊಡುತ್ತಾರಾ, ಯುಪಿಐ ಇದೆಯಾ ಅಂತ ಮೊದಲೇ ನೋಡಿ. ಡಾಲರ್ ಮಾತ್ರ ಅಂದರೆ ತಿಂಗಳ ಲೆಕ್ಕ ಬಿಟ್ಟು ವರ್ಷಕ್ಕೆ ಒಮ್ಮೆ ಕೂತು ಕಟ್ಟಿ, ಮುಗಿಯುವ ತಾರೀಕಿಗೆ ಹತ್ತು ದಿನ ಮುಂಚೆ ಫೋನಿನಲ್ಲಿ ಅಲಾರಂ ಇಡಿ. ಕಾರ್ಡ್‌ನವರು ಹಾಕುವ ಡಾಲರ್ ಶುಲ್ಕವನ್ನೂ ಬೆಲೆಗೆ ಸೇರಿಸಿ ನೋಡಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದು ಬಿಲ್ ವಿದೇಶದಿಂದ ಬಂದರೆ ಶೇ 18 ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಿ, ಆಮೇಲೆ ಕ್ರೆಡಿಟ್ ತಗೊಳ್ಳಬೇಕಾಗುತ್ತದೆ. ಖಾತೆಯ ಬಿಲ್ಲಿಂಗ್ ಪುಟದಲ್ಲಿ ಜಿಎಸ್‌ಟಿ ನಂಬರ್ ಹಾಕಿ, ಇನ್‌ವಾಯ್ಸ್‌ಗಳನ್ನು ಡೌನ್‌ಲೋಡ್ ಮಾಡಿ ನಿಮ್ಮ ಆಡಿಟರ್‌ಗೆ ಪ್ರತಿ ತಿಂಗಳು ಕಳಿಸಿ. ಮಾರ್ಚ್‌ನಲ್ಲಿ ಒಟ್ಟಿಗೆ ಕಳಿಸಿದರೆ ಅವರು ಬೈಯುತ್ತಾರೆ.